ತಿದ್ದಿದ ಮೇಲೆ ಯಾರದು?

ಕನ್ನಡದಲ್ಲಿ 'ತಿದ್ದು' ಎಂಬ ಒಂದು ಸೊಗಸಾದ ಮಾತಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು, ಅಕ್ಕಿಯಲ್ಲೋ ಮರಳಿನಲ್ಲೋ ಮೊದಲೇ ಬರೆದಿಟ್ಟ ಅಕ್ಷರದ ಮೇಲೆ ಎಳೆಯಿಸುವುದು ತಿದ್ದಿಸುವುದು. ಆ ಮಗು ದೊಡ್ಡದಾಗಿ, ಕಾಲೇಜಿಗೆ ಬಂದು, ಬರೆದು ಒಪ್ಪಿಸಿದ ಹಾಳೆಯ ಮೇಲೆ ಮೇಷ್ಟರು ಕೆಂಪು ಶಾಯಿ ಹರಿಸುವುದೂ ತಿದ್ದುವುದೇ. ಮೊದಲನೆಯದರಲ್ಲಿ ಇನ್ನೊಬ್ಬರ ಬರಹದ ಮೇಲೆ ನಮ್ಮ ಕೈ ಹೋಗುತ್ತದೆ. ಎರಡನೆಯದರಲ್ಲಿ ನಮ್ಮ ಬರಹದ ಮೇಲೆ ಇನ್ನೊಬ್ಬರ ಕೈ ಬರುತ್ತದೆ. ಎರಡಕ್ಕೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ತೋರಿತು. ಅದೇನೋ ಸರಿಯೆ. ಆದರೆ ಹೀಗೆ ಅವರಿವರ ಕೈ ಸೇರಿ, ತಿದ್ದಿ ತಿದ್ದಿ, ಕೊನೆಗೆ ಉಳಿದ ಬರಹ ಯಾರದು? ಬೆರಳು ಹಿಡಿದವರದೋ, ಬೆರಳು ಕೊಟ್ಟವರದೋ?

ಯಲಹಂಕದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆ ತತ್ತ್ವಶಾಸ್ತ್ರದ ಪುಸ್ತಕದಿಂದ ಬಂದದ್ದಲ್ಲ. ಪ್ರತಿ ವರ್ಷ ಮೇಜಿನ ಮೇಲೆ ಬಂದು ಬೀಳುವ ಪ್ರಬಂಧಗಳ ಕಟ್ಟಿನಿಂದ ಬಂದದ್ದು. 'ನನ್ನ ಊರು' ಎಂದು ವಿಷಯ ಕೊಟ್ಟರೆ ಅರವತ್ತು ಹುಡುಗರಲ್ಲಿ ಐವತ್ತು ಮಂದಿ, ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರೆಂದು ಆರಂಭಿಸುತ್ತಾರೆ. ಅಲ್ಲಿಂದ ಒಂದೇ ನೆಗೆತಕ್ಕೆ, 1984ರಲ್ಲಿ ಕೆಲಸ ಆರಂಭಿಸಿದ ರೈಲ್ವೆ ಗಾಲಿ ಕಾರ್ಖಾನೆಗೆ ಬರುತ್ತಾರೆ. ಆಮೇಲೆ ವಾಯುನೆಲೆ, ವಿಮಾನಗಳ ಪ್ರದರ್ಶನ. ಕೊನೆಗೆ 'ಇಂಥ ಊರಿನಲ್ಲಿ ಹುಟ್ಟಿದ ನಾನೇ ಧನ್ಯ'. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಐವತ್ತು ಮಂದಿ ಒಂದೇ ಮಾತಿನಲ್ಲಿ ಧನ್ಯರಾದರೆ, ಯಾರ ಧನ್ಯತೆಯನ್ನು ನಂಬುವುದು? ವಿಮಾನಗಳ ಪ್ರದರ್ಶನದ ದಿನಗಳಲ್ಲಿ ತಲೆಯ ಮೇಲಿನ ಸದ್ದಿಗೆ ಪಾಠವನ್ನೇ ನಿಲ್ಲಿಸಿ ನಾವೆಲ್ಲ ಸೂರು ನೋಡುತ್ತ ಕೂತಿರುತ್ತೇವೆ. ಆ ವಿಷಯ ಮಾತ್ರ ಒಂದು ಪ್ರಬಂಧದಲ್ಲಿಯೂ ಬರುವುದಿಲ್ಲ!

ಇದಕ್ಕೆ ಹುಡುಗರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಅವರಲ್ಲಿ ಹಲವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರೇ ಮೊದಲು. ಗೈಡಿನ ಗಟ್ಟಿ ಮಾತುಗಳು ಅವರಿಗೆ ಏಣಿಯಿದ್ದ ಹಾಗೆ. ಆ ಏಣಿಯಿಂದ ಅಂಕ ಬರುತ್ತದೆ, ಅಂಕದಿಂದ ಕೆಲಸ. 'ಸ್ವಂತವಾಗಿ ಬರಿ' ಎಂದು ಮೇಷ್ಟರು ಹೇಳಿದಾಗ, ಏಣಿ ಹತ್ತಿ ಮೇಲೆ ಹೋದವರು ಕೆಳಗಿರುವವರಿಗೆ ಏಣಿ ಬೇಡವೆಂದು ಉಪದೇಶಿಸಿದಂತೆ ಅವರಿಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಈಗಂತೂ ಗೈಡೂ ಬೇಕಾಗಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಕೈಯಲ್ಲಿರುವ ಫೋನನ್ನು ಕೇಳಿದರೆ ಸಾಕು. ಅರ್ಧ ನಿಮಿಷದಲ್ಲಿ ಪ್ರಬಂಧ ಸಿದ್ಧ, ಧನ್ಯತೆಯೂ ಸೇರಿ. ಮರಳಿನ ಮೇಲೆ ತಿದ್ದುವ ಮಗುವಿನ ಬೆರಳಾದರೂ ನೋಯುತ್ತಿತ್ತು. ಇಲ್ಲಿ ಅದೂ ಇಲ್ಲ.

ಹಾಗಾದರೆ ಎರವಲು ತರುವುದೇ ತಪ್ಪೇ? ಹಾಗೆಂದರೆ ಪ್ರಬಂಧವೆಂಬ ಪ್ರಕಾರಕ್ಕೆ ಹೆಸರಿಟ್ಟ ಮಹನೀಯರೇ ಮೊದಲ ಅಪರಾಧಿಗಳಾಗುತ್ತಾರೆ. ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಬರಹಗಳಿಗೆ ಇಟ್ಟ ಹೆಸರಿನ ಅರ್ಥ 'ಪ್ರಯತ್ನಗಳು' ಎಂದು. ಆ ಪುಸ್ತಕದ ತುಂಬ ಲ್ಯಾಟಿನ್ ಹಿರಿಯರ ಮಾತುಗಳಿವೆ. ಕೆಲವು ಕಡೆ ಯಾರಿಂದ ತಂದದ್ದೆಂದು ಹೆಸರನ್ನೂ ಬೇಕೆಂದೇ ಹೇಳಿಲ್ಲ. ಜೇನ್ನೊಣ ಹೂವಿನಿಂದ ತಂದರೂ ಜೇನು ನೊಣದ್ದೇ ಎಂಬುದು ಆತ ಒಪ್ಪಿದ್ದ ಹಳೆಯ ಹೋಲಿಕೆ. ನಾವು ಆಡುವ ಮಾತುಗಳಲ್ಲಿ ನಾವೇ ಹುಟ್ಟಿಸಿದ್ದು ಎಷ್ಟು? ಅಮ್ಮನಿಂದ ಬಂದದ್ದು, ಬೀದಿಯಿಂದ ಬಂದದ್ದು, ಓದಿದ ಪುಸ್ತಕದಿಂದ ಬಂದದ್ದು. 'ನನ್ನಿಂದಲೇ ಹುಟ್ಟಿದ್ದು ಮಾತ್ರ ನನ್ನದು' ಎಂದು ಹಟ ಹಿಡಿದರೆ ಬಾಯಿ ಮುಚ್ಚಿಕೊಂಡು ಕೂರಬೇಕಾದೀತು.

ಇನ್ನೊಂದು ಪಕ್ಷವನ್ನೂ ನೋಡೋಣ. ನನ್ನಿಂದ ಹುಟ್ಟಿತು ಎಂದ ಮಾತ್ರಕ್ಕೆ ಅದು ನನ್ನದಾಗಿಬಿಡುತ್ತದೆಯೇ? ಇದಕ್ಕೆ ನಮ್ಮಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಸಂಕಲನವೂ 1922ರಲ್ಲಿ ಹೊರಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರಿಗೆ ಆ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಕಸಿನ್ಸರು ಅಲ್ಲೊಂದು ಪದ ಇಲ್ಲೊಂದು ಪ್ರಾಸ ಸರಿಮಾಡಿ ಬೆನ್ನು ತಟ್ಟಿ ಕಳುಹಿಸಬಹುದಾಗಿತ್ತು. ಅವರು ಹೇಳಿದ್ದು, ನಿನ್ನ ತಾಯ್ನುಡಿಯಲ್ಲಿ ಬರಿ ಎಂದು. ಆ ಕವಿತೆಗಳೇನು ಕದ್ದವೇ? ಅಲ್ಲ. ಪೂರ್ತಿ ಸ್ವಂತವಾದವೇ. ಆದರೂ ಬರೆದವರು ತಮ್ಮ ಪೂರ್ಣ ಭಾರವನ್ನು ಊರಿ ನಿಲ್ಲಬಹುದಾದ ನೆಲ ಅದಾಗಿರಲಿಲ್ಲವೆಂದು ಆ ಹಿರಿಯರಿಗೆ ಕಂಡಿರಬೇಕು. ತಿದ್ದುವುದರಲ್ಲಿ ಇದೂ ಒಂದು ಬಗೆ: ಒಂದಕ್ಷರವನ್ನೂ ಮುಟ್ಟದೆ, ಬರೆಯುವವರು ನಿಂತ ಜಾಗವನ್ನು ತೋರಿಸಿಕೊಡುವುದು.

ಆದ್ದರಿಂದ 'ಇದು ಯಾರಿಂದ ಹುಟ್ಟಿತು' ಎಂಬ ಪ್ರಶ್ನೆಯನ್ನು ಬದಿಗಿಟ್ಟು, 'ಇದಕ್ಕೆ ಯಾರು ಹೊಣೆ' ಎಂದು ಕೇಳುವುದೇ ಮೇಲೆಂದು ನನ್ನ ಎಣಿಕೆ. ಒಡೆತನ ಬೇರೆ, ಹೊಣೆ ಬೇರೆ. ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆ ನಮ್ಮದಲ್ಲ. ಆದರೆ ನೆಗ್ಗಿದರೆ ಉತ್ತರ ಹೇಳಬೇಕಾದವರು ನಾವೇ. ಮಾತೂ ಹಾಗೆಯೇ. ಎಲ್ಲಿಂದಲಾದರೂ ಬಂದಿರಲಿ; ಹಾಳೆಯ ಮೇಲೆ ಅದನ್ನು ಇಟ್ಟವನು, 'ಇದು ನಿನಗೆ ಹೇಗೆ ಗೊತ್ತು?' ಎಂದು ಕೇಳಿದಾಗ ಎದ್ದು ನಿಂತು ಉತ್ತರ ಹೇಳಬಲ್ಲನೇ? ಹೇಳಬಲ್ಲನಾದರೆ ಅದು ಅವನದು. ಇಲ್ಲದಿದ್ದರೆ, ಅವನೇ ರಾತ್ರಿಯೆಲ್ಲ ಕೂತು ಬರೆದಿದ್ದರೂ ಅವನದಲ್ಲ.

ಇಷ್ಟನ್ನು ಮೇಷ್ಟರ ಸ್ಥಾನದಲ್ಲಿ ನಿಂತು ಹೇಳಿಬಿಡಬಹುದು. ಇದಕ್ಕಿಂತ ಮುಂದಿನ ಒಂದು ಮಾತು ನನಗೆ ತಿಳಿದದ್ದು ಬಿ.ಕಾಂ. ಎರಡನೆಯ ವರ್ಷದ ಒಬ್ಬ ಹುಡುಗಿಯಿಂದ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡವೆಂದಳು.

ಒಂದು ವರ್ಷ, ಪ್ರಬಂಧದ ಜೊತೆಗೆ 'ಇದನ್ನು ಹೇಗೆ ಬರೆದೆ' ಎಂದು ಇನ್ನೊಂದು ಪುಟವನ್ನೂ ಎಲ್ಲರೂ ಬರೆದು ಕೊಡಬೇಕೆಂದು ಹೇಳಿದ್ದೆ. ಈ ಹುಡುಗಿ ಮೊದಲ ಸಲ ತಂದದ್ದು ಕೆಂಪೇಗೌಡರಿಂದ ಆರಂಭವಾದ ಪ್ರಬಂಧವನ್ನೇ. ಅದರಲ್ಲಿ ಯಲಹಂಕದ ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು.

"ಕೆರೆ ನೋಡಿದ್ದು ಯಾವಾಗಮ್ಮ?" ಎಂದು ಕೇಳಿದೆ.

"ದಿನಾ ಆ ಕಡೆಯಿಂದಲೇ ಬರ್ತೀನಿ ಸರ್."

"ಹೊಳೆಯುತ್ತಾ?"

ಅವಳು ನಕ್ಕುಬಿಟ್ಟಳು. "ಬಸ್ಸಲ್ಲಿ ನಿಂತಿರ್ತೀನಿ ಸರ್. ಜನದ ಬೆನ್ನು ಬಿಟ್ರೆ ಏನೂ ಕಾಣಲ್ಲ."

ಮುಂದಿನ ಭಾನುವಾರ ಅವಳು ನೋಟುಪುಸ್ತಕ ಹಿಡಿದು ಕೆರೆಯ ಬಳಿಗೆ ಹೋದಳು. ಅಲ್ಲಿ ಕಾವಲಿನವನು ಬಂದು, "ಏನಮ್ಮ ಬರ್ಕೊತಿದೀಯಾ, ಕಾರ್ಪೊರೇಷನ್‌ನವರಾ?" ಎಂದು ವಿಚಾರಿಸಿದನಂತೆ. ಹಕ್ಕಿಗಳ ಹೆಸರು ಕೇಳಿದರೆ ಎಲ್ಲವಕ್ಕೂ 'ಕೊಕ್ಕರೆ' ಎಂದನಂತೆ. ಅದಷ್ಟೂ ಎರಡನೆಯ ಸಲದ ಪ್ರಬಂಧದಲ್ಲಿ ಬಂತು, ಕನ್ನಡಿ ಹೋಯಿತು. ಆ ಸಲ ಅವಳು ಇನ್ನೊಂದು ಪುಟದಲ್ಲಿ ಬರೆದದ್ದು ಇಷ್ಟು: 'ಗೊತ್ತಿರುವುದನ್ನು ಬರೆಯುವುದು ಪ್ರಬಂಧ ಎಂದುಕೊಂಡಿದ್ದೆ. ಬರೆದ ಮೇಲೆ ನನ್ನ ಊರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಎಷ್ಟು ಎಂದು ಗೊತ್ತಾಯಿತು.'

ಮೂರನೆಯ ಸಲ ಬರೆದಾಗ ಅವಳ ಮನೆ ಪ್ರಬಂಧದೊಳಕ್ಕೆ ಬಂತು. ಅಜ್ಜಿ ಬಂದಳು, ಅಪ್ಪ ಬಂದರು. ಅಪ್ಪನ ವಿಷಯವಾಗಿ ಒಂದು ವಾಕ್ಯವಿತ್ತು. ಚಿಕ್ಕ ವಾಕ್ಯ, ಇಡೀ ಪ್ರಬಂಧಕ್ಕೆ ಜೀವ ಬಂದದ್ದು ಅದರಿಂದ. ಪಕ್ಕದಲ್ಲಿ 'ತುಂಬ ಚೆನ್ನಾಗಿದೆ' ಎಂದು ಬರೆದು ಕೊಟ್ಟೆ. ಈಗ ಕೇಳಿದರೂ ಹಾಗೆಯೇ ಹೇಳುತ್ತೇನೆ.

ನಾಲ್ಕನೆಯ ಪ್ರತಿಯಲ್ಲಿ ಆ ವಾಕ್ಯ ಇರಲಿಲ್ಲ. ಜೊತೆಯ ಪುಟದಲ್ಲಿ ಕಾರಣವಿತ್ತು: 'ಅಪ್ಪನ ಬಗ್ಗೆ ಇದ್ದ ಮಾತನ್ನು ತೆಗೆದಿದ್ದೇನೆ. ಅದು ನಿಜ. ನಾನೇ ನೋಡಿದ್ದು, ನಾನೇ ಬರೆದದ್ದು. ಯಾರು ಕೇಳಿದರೂ ಉತ್ತರ ಹೇಳುತ್ತೇನೆ. ಆದರೆ ಅದು ಅಪ್ಪನ ವಿಷಯ. ಅಪ್ಪನನ್ನು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಒಂದು ಅಂಕ ಹೋದರೆ ಹೋಗಲಿ.'

ಆ ವಾಕ್ಯವೇನೆಂದು ವಾಚಕರಿಗೆ ಕುತೂಹಲವಾದೀತು. ಅದನ್ನು ನಾನೂ ಹೇಳುವಂತಿಲ್ಲ.

ಸ್ವಲ್ಪ ಆಲೋಚಿಸಿ ನೋಡಿದರೆ, ಹೊಣೆಗೆ ಎರಡು ಮುಖಗಳಿವೆ ಎಂಬುದನ್ನು ಆ ಹುಡುಗಿ ಕಂಡುಕೊಂಡಿದ್ದಳು. ಮಾತು ನಿಜವೇ ಎಂದು ಕೇಳುವುದು ಒಂದು ಮುಖ. ಆ ನಿಜವನ್ನು ಖರ್ಚು ಮಾಡುವ ಹಕ್ಕು ನನಗಿದೆಯೇ ಎಂದು ಕೇಳುವುದು ಇನ್ನೊಂದು. ತರಗತಿಯಲ್ಲಿ ನಾವು ಮೊದಲನೆಯದನ್ನು ಮಾತ್ರ ಕಲಿಸುತ್ತೇವೆ. ಎರಡನೆಯದು ಬಹುಮಟ್ಟಿಗೆ ಮನೆಯಲ್ಲಿ ಕಲಿಯುವ ಪಾಠ. 'ಮನೆಯ ಮಾತು ಹೊಸ್ತಿಲು ದಾಟಬಾರದು' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆ ಮಾತಿನ ಮರೆಯಲ್ಲಿ ಎಷ್ಟೋ ಅನ್ಯಾಯಗಳೂ ಅಡಗಿ ಕೂತಿದ್ದುಂಟು. ಆದರೆ ಇಲ್ಲಿ ಆ ಹುಡುಗಿಗೆ ಯಾರೂ ಬಾಯಿ ಮುಚ್ಚೆಂದು ಹೇಳಿರಲಿಲ್ಲ. ಬರೆಯಬಲ್ಲೆನೆಂದು ಗೊತ್ತಾದ ಮೇಲೆ ತಾನಾಗಿ ಬಿಟ್ಟಳು. ಬರೆಯಲಾರದವನ ಮೌನಕ್ಕೂ, ಬರೆಯಬಲ್ಲವಳ ಮೌನಕ್ಕೂ ಬಹಳ ಅಂತರವಿದೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಎಲ್ಲರೂ ಹೀಗೆ ಅಪ್ಪನನ್ನೂ ಅಮ್ಮನನ್ನೂ ಕೇಳುತ್ತ ಕೂತರೆ ಆತ್ಮಕಥೆ ಎಲ್ಲಿಂದ ಹುಟ್ಟೀತು? ಸಂಕಟವನ್ನು ಹೇಳಿಕೊಂಡದ್ದರಿಂದಲೇ ಅಲ್ಲವೇ ಎಷ್ಟೋ ಜನಕ್ಕೆ ಬಿಡುಗಡೆ ಬಂದದ್ದು? ನಿಜ. ಅವಳು ಮಾಡಿದ್ದು ಎಲ್ಲರಿಗೂ ನಿಯಮವೆಂದು ನಾನು ಹೇಳುತ್ತಿಲ್ಲ. ಒಬ್ಬರು ಕೇಳಿ ಬರೆದಾರು. ಇನ್ನೊಬ್ಬರು ಕೇಳದೆ ಬರೆದು, ಬಂದದ್ದನ್ನು ಅನುಭವಿಸಿಯಾರು. ಆದರೆ ಆ ಪ್ರಶ್ನೆಯನ್ನು ತೂಗಿ ನೋಡುವ ಕೆಲಸವನ್ನು ಬರೆಯುವವರೇ ಮಾಡಬೇಕು. ಗೈಡು ಅದನ್ನು ಮಾಡಿಕೊಡದು. ಫೋನು ಸೊಗಸಾದ ವಾಕ್ಯವನ್ನು ಕೊಟ್ಟೀತು, ಹೇಳಿದರೆ ಅಳಿಸಿಯೂ ಅಳಿಸೀತು. ಆದರೆ ಸಂಜೆ ಮನೆಗೆ ಹೋಗಿ ಅಪ್ಪನ ಮುಖ ನೋಡಬೇಕಾದ ಪ್ರಸಂಗ ಅದಕ್ಕಿಲ್ಲ.

ಇದು ಸಣ್ಣ ವಿಷಯವೆಂದು ತೋರಿದರೆ, ನಮ್ಮ ಹೊಸ ಬಡಾವಣೆಗಳ ಎತ್ತರದ ಮನೆಗಳ ಕಡೆ ನೋಡಬಹುದು. ಅಲ್ಲಿ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿದ್ದಾರೆ. ಅಲ್ಲಿನ ನೂರಾರು ಕಾಲೇಜುಗಳಿಗೆ ಸಾಮಾನ್ಯವಾದ ಒಂದು ಅರ್ಜಿಯಲ್ಲಿ, ತನ್ನ ಬಗ್ಗೆ 650 ಪದಗಳೊಳಗೆ ಪ್ರಬಂಧ ಬರೆಯಬೇಕು. ಎದುರಾದ ಕಷ್ಟವನ್ನೋ ಸೋಲನ್ನೋ ಹೇಳು ಎಂಬುದೂ ಅಲ್ಲಿ ಕೊಡುವ ವಿಷಯಗಳಲ್ಲಿ ಒಂದು. ಹದಿನೇಳು ವರ್ಷದ ಮಗು ತನ್ನ ಮನೆಯ ಯಾವ ದುಃಖ ಹೆಚ್ಚು ಬೆಲೆ ಬಾಳೀತೆಂದು ಹುಡುಕಲು ಕೂರುತ್ತದೆ; ಹುಡುಕಿಕೊಡುವುದಕ್ಕೂ ತಿದ್ದಿಕೊಡುವುದಕ್ಕೂ ಹಣ ಪಡೆಯುವ ಸಲಹೆಗಾರರಿದ್ದಾರೆ. ನಮ್ಮ ಹಳೆಯ ಗೈಡು ಹುಡುಗರಿಗೆ ತಮ್ಮದಲ್ಲದ ಧನ್ಯತೆಯನ್ನು ಬರೆಯಿಸಿತು. ಈ ಹೊಸ ಪದ್ಧತಿ ತಮ್ಮದೇ ಸಂಕಟವನ್ನು ಸಂತೆಗೆ ತರಿಸುವ ಅಪಾಯವಿದೆ. ಎರಡರಲ್ಲಿಯೂ, ಹೇಳುವುದೋ ಬಿಡುವುದೋ ಎಂದು ನಿರ್ಧರಿಸುವ ಹಕ್ಕು ಬರೆಯುವ ಮಗುವಿನ ಕೈಯಿಂದ ಜಾರುತ್ತದೆ.

ಆ ಹುಡುಗಿಗೆ ಎಷ್ಟು ಅಂಕ ಕೊಟ್ಟೆ ಎಂದು ಕೇಳುತ್ತೀರೇನೋ. ನನ್ನ ಮುಂದಿದ್ದದ್ದು ಹತ್ತು ಅಂಕದ ಪಟ್ಟಿ: ವಿಷಯಕ್ಕೆ ಇಷ್ಟು, ನಿರೂಪಣೆಗೆ ಇಷ್ಟು, ಭಾಷೆಗೆ ಇಷ್ಟು. ಬಿಟ್ಟದ್ದಕ್ಕೆ ಅಂಕ ಕೊಡುವ ಮನೆ ಅದರಲ್ಲಿ ಇರಲಿಲ್ಲ. ಎಂಟು ಕೊಟ್ಟೆ. ಕೆಂಪೇಗೌಡರಿಂದ ಆರಂಭಿಸಿ ಅಚ್ಚುಕಟ್ಟಾಗಿ ಮುಗಿಸಿದ ಇನ್ನೊಬ್ಬ ಹುಡುಗನಿಗೂ ಎಂಟೇ ಬಂತು. ಪಟ್ಟಿಯ ಪ್ರಕಾರ ಎರಡೂ ಸರಿ. ಪಟ್ಟಿಗಳು ಇರುವುದು ಅದಕ್ಕೇ. ಅವಕ್ಕೆ ಕಾಣುವಷ್ಟನ್ನೇ ಅವು ಅಳೆಯುತ್ತವೆ. ಉಳಿದದ್ದನ್ನು ನೋಡಲು ಒಬ್ಬ ಓದುಗ ಬೇಕು. ಮೇಷ್ಟರು ಅಂಕ ಕೊಡುವವನಾಗುವುದಕ್ಕೆ ಮೊದಲು ಆ ಓದುಗನಾಗಬೇಕು.

ಈಗ ಪ್ರತಿ ವರ್ಷ ಪ್ರಬಂಧಕ್ಕೆ ವಿಷಯ ಕೊಡುವಾಗ ಎರಡು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಇದು ನಿನಗೆ ಹೇಗೆ ಗೊತ್ತು? ಇದರಲ್ಲಿ ಬರುವವರು ಇದನ್ನು ಓದಿದರೆ ಏನೆಂದಾರು? ಮೊದಲನೆಯದನ್ನು ನಾನೇ ಯೋಚಿಸಿದ್ದು. ಎರಡನೆಯದು ಆ ಹುಡುಗಿಯಿಂದ ಬಂದದ್ದು; ಆದರೆ ತರಗತಿಯಲ್ಲಿ ನಿಂತು ಅದನ್ನು ಕೇಳುವಾಗ ಅದಕ್ಕೆ ನಾನೇ ಹೊಣೆ. ಹೆಚ್ಚಿನ ಹುಡುಗರು ಈಗಲೂ ಗೈಡನ್ನೋ ಫೋನನ್ನೋ ನೋಡಿಯೇ ಬರೆಯುತ್ತಾರೆ. ನಾಲ್ಕಾರು ಮಂದಿ ಮಾತ್ರ ಒಂದು ವಾಕ್ಯ ಬರೆದು, ಪೆನ್ನೆತ್ತಿ, ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. ಆಮೇಲೆ ಕೆಲವರು ಮುಂದಕ್ಕೆ ಬರೆಯುತ್ತಾರೆ. ಕೆಲವರು ಬರೆದದ್ದನ್ನು ಹೊಡೆದುಹಾಕುತ್ತಾರೆ. ಆ ತಿದ್ದುವಿಕೆಗೆ ಕೆಂಪು ಶಾಯಿ ಬೇಕಾಗಿಲ್ಲ.