ಗಂಜಿಯ ಋಣ

ಬೇಸಗೆಯಲ್ಲಿ ಊರ ಕಡೆ ಹೋದಾಗ ಹಳದೀಪುರದ ಅಕ್ಕನ ಮನೆಯಲ್ಲಿ ಎರಡು ದಿನ ನಿಲ್ಲುವುದು ನನ್ನ ವಾಡಿಕೆ. ಈ ಸಲ ಕುಮಟೆಯಲ್ಲಿ ರೈಲಿಳಿದು ಬರುವಾಗ ಹೆದ್ದಾರಿಯ ಬದಿಯಲ್ಲಿ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಅಳ್ವೆಕೋಡಿ, ವನ್ನಳ್ಳಿಗಳ ಕಡೆ ಬೆಳೆಯುವ ಸಿಹಿ ಈರುಳ್ಳಿ ಅದು. ಮಾರುವ ಹೆಂಗಸಿನೊಡನೆ ಹತ್ತು ನಿಮಿಷ ಚೌಕಾಸಿ ಮಾಡಿ, ಇಪ್ಪತ್ತು ರೂಪಾಯಿ ಇಳಿಸಿ, ಗೆದ್ದೆನೆಂಬ ಸಂತೋಷದಿಂದ ಅಕ್ಕನ ಮನೆ ಸೇರಿದೆ.

ಮರುದಿನ ಬೆಳಗ್ಗೆ ಅಕ್ಕ ಗಂಜಿ ಬಡಿಸಿದಳು. ಕೆಂಪು ಅಕ್ಕಿ, ದಪ್ಪ ಅಗುಳು, ನಂಜಿಕೊಳ್ಳಲು ಅಪ್ಪೆಮಿಡಿ. "ಇದು ಕಗ್ಗ. ಮಾಣಿಕಟ್ಟೆಯ ಅಜ್ಜ ತಂದದ್ದು" ಎಂದಳು. ಅಜ್ಜ ಜಗಲಿಯಲ್ಲೇ ಕುಳಿತಿದ್ದರು. ನಾನು ಪೇಟೆಯವರ ಹುಮ್ಮಸ್ಸಿನಿಂದ, ಇಂಥ ತಳಿಗಳು ನಾಡಿನ ಸಂಪತ್ತು, ಇವನ್ನು ಅಳಿಯಗೊಡಬಾರದು ಎಂದು ಸಣ್ಣದೊಂದು ಭಾಷಣವನ್ನೇ ಮಾಡಿದೆ. ಅಜ್ಜ ಎಲ್ಲವನ್ನೂ ಕೇಳಿ, "ಹೌದು ತಮಾ, ಬೆಂಗಳೂರಲ್ಲಿ ನೀ ಉಂಬುದು ಯಾವ ಅಕ್ಕಿ?" ಎಂದರು.

ನನ್ನ ಮನೆಯಲ್ಲಿ ಬೇಯುವುದು ಬೆಳ್ಳಗೆ ಮೆರುಗು ಕೊಟ್ಟ ಸೋನಾ ಮಸೂರಿ. ನಾನು ಗಂಜಿಯ ಕಡೆ ಮುಖ ಬಾಗಿಸಿದೆ.

ಕಗ್ಗವನ್ನರಿಯದ ಓದುಗರಿಗಾಗಿ ನಾಲ್ಕು ಮಾತು. ಅಘನಾಶಿನಿ ಕಡಲು ಸೇರುವಲ್ಲಿ ಉಪ್ಪುನೀರು ಏರಿಳಿಯುವ ತಗ್ಗುಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಬೆಳೆಯುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಬೇರಿಗೆ ಉಪ್ಪು ತಗುಲಿದರೂ ತಾಳಿಕೊಳ್ಳುವ ಭತ್ತವಿದು. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಗದ್ದೆಯಲ್ಲುಳಿದ ದಂಟಿನ ನಡುವೆ ಮೀನು, ಸಿಗಡಿಗಳು ಬೆಳೆಯುತ್ತವೆ. ಅವು ಬಿಟ್ಟ ಕಸವೇ ಮುಂದಿನ ಬೆಳೆಗೆ ಗೊಬ್ಬರ. ಹೀಗೆ ಒಂದೇ ಗದ್ದೆ ಅರ್ಧ ವರ್ಷ ಅನ್ನ ಕೊಟ್ಟು, ಅರ್ಧ ವರ್ಷ ಮೀನು ಕೊಡುತ್ತದೆ.

ಇಂಥದಕ್ಕೆ ಒಂದು ಹೆಸರು, ಒಂದು ಮುದ್ರೆ ದೊರೆತರೆ ಉಳಿದೀತೆಂಬುದು ನಮ್ಮ ಕಾಲದ ನಂಬಿಕೆ. ಈ ದಾರಿಯಲ್ಲಿ ಬಹುದೂರ ನಡೆದ ದೇಶ ಇಟಲಿ. ಅಲ್ಲಿ ನೂರಾರು ದೇಶೀ ದ್ರಾಕ್ಷಿ ತಳಿಗಳುಂಟು. 1963ರಲ್ಲಿ ಆ ದೇಶ ಮಾಡಿದ ಕಾನೂನು ದ್ರಾಕ್ಷಾರಸವನ್ನು ಅದರ ನೆಲದೊಡನೆ ಕಟ್ಟಿಹಾಕಿತು: ಬರೋಲೋ ಎಂಬ ಹೆಸರಿಡಬೇಕಾದರೆ ಆ ಸೀಮೆಯ ನೆಬ್ಬಿಯೋಲೋ ದ್ರಾಕ್ಷಿಯೇ ಆಗಬೇಕು. 1986ರಲ್ಲಿ ಅಮೆರಿಕದ ಅವಸರದ ಊಟದ ಅಂಗಡಿ ರೋಮಿಗೆ ಬಂದಾಗ ಕಾರ್ಲೋ ಪೆಟ್ರಿನಿಯೂ ಸಂಗಡಿಗರೂ ಪ್ರತಿಭಟಿಸಿದರು. ಮುಂದೆ ಸ್ಲೋ ಫುಡ್ ಎಂದು ಹೆಸರಾದ ಚಳವಳಿ, ಅಳಿಯುತ್ತಿರುವ ಆಹಾರಗಳ ಪಟ್ಟಿಯೊಂದನ್ನು 1996ರಲ್ಲಿ ಆರಂಭಿಸಿತು. ನಮ್ಮಲ್ಲಿಯೂ 1999ರ ಭೌಗೋಳಿಕ ಗುರುತಿನ ಕಾಯಿದೆಯಿದೆ. ಉಡುಪಿಯ ಮಟ್ಟುಗುಳ್ಳ, ಮಲೆನಾಡಿನ ಅಪ್ಪೆಮಿಡಿ, ಅಂಕೋಲೆಯ ಕರಿ ಇಶಾಡು ಮಾವು ಆ ಮುದ್ರೆ ಪಡೆದಿವೆ. ಒಳ್ಳೆಯದೇ. ಆದರೆ ಮುದ್ರೆ ನಕಲನ್ನು ತಡೆದೀತೇ ಹೊರತು, ಕೊಳ್ಳದವನನ್ನು ಕೊಳ್ಳುವಂತೆ ಮಾಡಲಾರದು. ಇಟಲಿಯಲ್ಲಿ ಆ ಹೆಸರಿನ ಹಿಂದೆ, ಅದಕ್ಕೆ ತಕ್ಕ ಬೆಲೆ ತೆರುವ ಜನರಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಹೆಚ್ಚು ಇಳುವರಿಯ ಐಆರ್-8 1966ರಲ್ಲಿಯೂ ಜಯಾ 1968ರಲ್ಲಿಯೂ ಬಂದವು. ಹಸಿವನ್ನು ಕಂಡ ದೇಶಕ್ಕೆ ಅವು ಅನ್ನವಿಕ್ಕಿದವು. ಅವನ್ನು ಹಳಿಯುವುದು ಕೃತಘ್ನತೆ. ಕಗ್ಗದ ಇಳುವರಿ ಕಡಮೆ. ಗಜನಿಯಲ್ಲಿ ಭತ್ತ ಬಿಟ್ಟು ಸಿಗಡಿಯನ್ನೇ ಸಾಕಿದರೆ ದುಡ್ಡು ಹೆಚ್ಚೆಂದು ಕಂಡವರು ಅತ್ತ ತಿರುಗಿದರು. ಹೊಟ್ಟೆ ತುಂಬಿದ ನಾವು, ನಮ್ಮ ಬಾಲ್ಯದ ರುಚಿಗಾಗಿ ಇನ್ನೊಬ್ಬನು ಬಡವನಾಗಿಯೇ ಇರಲೆಂದು ಬಯಸುವುದು ಯಾವ ಧರ್ಮ? ಅವನ ಬಡತನದ ಮೇಲೆ ನಿಂತ ವೈವಿಧ್ಯ ನ್ಯಾಯವೂ ಅಲ್ಲ, ಬಾಳುವಂಥದೂ ಅಲ್ಲ.

ಹಾಗಾದರೆ ಬೀಜವನ್ನು ಶೀತಲ ಭಂಡಾರದಲ್ಲಿಟ್ಟು ಸುಮ್ಮನಾಗಬಹುದೆ? ಅಜ್ಜನ ಮುಂದೆ ಈ ಮಾತನ್ನೂ ಎತ್ತಿದೆ. "ಬೀಜ ಇಡ್ಲಕ್ಕು ತಮಾ. ಕಟ್ಟೆ ಎಲ್ಲಿ ಇಡ್ತೆ?" ಎಂದರು. ಗಜನಿಯ ಕಟ್ಟೆ ಒಬ್ಬನದಲ್ಲ. ಬಾಗಿಲನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಎಲ್ಲರೂ ಕೂಡಿ ತೀರ್ಮಾನಿಸಬೇಕು. ಒಬ್ಬನು ತನ್ನ ಪಾಲಿನ ಕಟ್ಟೆಯನ್ನು ಕೈಬಿಟ್ಟರೆ ಉಪ್ಪುನೀರು ನೆರೆಯವನ ಗದ್ದೆಗೂ ನುಗ್ಗುತ್ತದೆ. ಕಗ್ಗವೆಂದರೆ ಬರಿಯ ಬೀಜವಲ್ಲ, ನೆರೆಹೊರೆಯವರ ಒಡಂಬಡಿಕೆ. ಬೀಜವನ್ನು ಮುಚ್ಚಿಡಬಹುದು, ಒಡಂಬಡಿಕೆ ವರ್ಷವರ್ಷವೂ ಹೊಸದಾಗಬೇಕು.

ನನಗೆ ತೋರುವಂತೆ, ಉಣ್ಣುವವನೂ ಆ ಕಟ್ಟೆಯ ಒಬ್ಬ ಪಾಲುಗಾರ. ಅವನು ದೂರದ ಪಟ್ಟಣದಲ್ಲಿರಬಹುದು, ಗಜನಿಯನ್ನು ಕಣ್ಣಾರೆ ಕಂಡಿರದಿರಬಹುದು. ಆದರೂ ತನ್ನ ಪಾಲನ್ನು ಅವನು ಕೈಬಿಟ್ಟರೆ ಉಪ್ಪುನೀರು ನುಗ್ಗುವುದು ಅಲ್ಲಿಯೇ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಲೋಕದ ಗೌರವ ಪಡೆದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಲು ಖರ್ಚಿಲ್ಲ. ವರ್ಷಕ್ಕೆ ಹತ್ತು ಸೇರು ಕಗ್ಗವನ್ನು, ಬೆಳೆದವನು ಹೇಳಿದ ಬೆಲೆಗೆ, ತಪ್ಪದೆ ಕೊಳ್ಳುವುದಕ್ಕೆ ಖರ್ಚಿದೆ. ಉಳಿಸಬೇಕೆಂಬ ನಮ್ಮ ಮಾತಿನ ತೂಕ ಗೊತ್ತಾಗುವುದು ಆ ಖರ್ಚಿನಲ್ಲಿ.

ಹೊರಡುವ ದಿನ ಅಜ್ಜ ಒಂದು ಚೀಲ ಕಗ್ಗ ತಂದುಕೊಟ್ಟು ಬೆಲೆ ಹೇಳಿದರು. "ಸ್ವಲ್ಪ ಕಡಮೆ..." ಎಂದು ನನ್ನ ನಾಲಗೆ ತನ್ನಷ್ಟಕ್ಕೆ ಹೊರಟಿತ್ತು. ಬಾಗಿಲಲ್ಲಿ ನಿಂತ ಅಕ್ಕ ನನ್ನ ಮುಖ ನೋಡಿದಳು. ಮಾತು ನುಂಗಿ, ಹೇಳಿದಷ್ಟನ್ನು ಎಣಿಸಿ ಕೊಟ್ಟೆ. ಬರುವಾಗ ಹೆದ್ದಾರಿಯಲ್ಲಿ ಆ ಈರುಳ್ಳಿಯ ಹೆಂಗಸಿಗಾಗಿ ಕಣ್ಣಾಡಿಸಿದೆ. ಅಂದು ಅಲ್ಲಿ ಬೇರೆ ಯಾರೋ ಕುಳಿತಿದ್ದರು. ಆ ಇಪ್ಪತ್ತು ರೂಪಾಯಿ ಇನ್ನೂ ನನ್ನ ಬಳಿಯಲ್ಲಿಯೇ ಇದೆ.