ಸಿಯಾಪೊ ಚಿತ್ರದ ಕಡಲು: ಸಮೋವಾದ ಅಸ್ಮಿತೆಯ ಪ್ರಶ್ನೆ

ಸಿಯಾಪೊ ಎಂಬುದು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ನಾರುಬಟ್ಟೆಯ ಮೇಲೆ ಬಿಡಿಸುವ ಚಿತ್ರಕಲೆ. ಕಾಗದ ಹಿಪ್ಪುನೇರಳೆಯ ಒಳತೊಗಟೆಯನ್ನು ಕೆರೆದು, ಬಡಿದು ಹಾಳೆಯಂತೆ ಅಗಲಿಸುತ್ತಾರೆ. ತೊಗಟೆಯ ಕಂದು ರಸ, ಕಾಯಿ ಸುಟ್ಟ ಕಾಡಿಗೆ, ಅರಿಶಿನ ಇವು ಇದರ ಬಣ್ಣಗಳಲ್ಲಿ ಕೆಲವು. ಕೆತ್ತಿದ ಹಲಗೆಯ ಮೇಲೆ ಬಟ್ಟೆ ಹಾಸಿ ಬಣ್ಣ ಉಜ್ಜುವುದು ಒಂದು ಬಗೆ. ಅಚ್ಚಿಲ್ಲದೆ ಕೈಯಿಂದಲೇ ಬಿಡಿಸುವ ‘ಸಿಯಾಪೊ ಮಮನು’ ಇನ್ನೊಂದು. 20ನೆಯ ಶತಮಾನದಲ್ಲಿ ಈ ಕಲೆಯನ್ನು ಉಳಿಸಿ ಕಲಿಸಿದವರಲ್ಲಿ ಅಮೆರಿಕನ್ ಸಮೋವಾದ ಮೇರಿ ಪ್ರಿಚರ್ಡ್ ಪ್ರಮುಖರು.

ಸಾಂಪ್ರದಾಯಿಕ ಸಿಯಾಪೊದಲ್ಲಿ ನೀಲಿ ಬಣ್ಣವಿಲ್ಲ, ಕಡಲಿನ ದೃಶ್ಯವೂ ಇಲ್ಲ. ಆದರೂ ಅದರ ವಿನ್ಯಾಸಗಳಲ್ಲಿ ಹಲವು ದಡದಿಂದ ಬಂದವು: ನಕ್ಷತ್ರಮೀನು, ಮೀನುಬಲೆ, ಶಂಖದ ಹುಳು, ತುಲಿ ಹಕ್ಕಿಯ ಹೆಜ್ಜೆ. ಕೊನೆಯದಕ್ಕೆ ಸೃಷ್ಟಿಕಥೆಯ ಹಿನ್ನೆಲೆಯೂ ಇದೆ. ಆ ಕಥೆಯ ಒಂದು ಪಾಠದಂತೆ, ಮೊದಲಿಗೆ ಎಲ್ಲೆಲ್ಲೂ ನೀರೇ ಇತ್ತು. ಆಕಾಶದೇವತೆ ತಂಗಲೋವಾ ಕಳುಹಿಸಿದ ತುಲಿಗೆ ಕಾಲೂರಲು ನೆಲೆ ಸಿಗಲಿಲ್ಲ. ಆಗ ದೇವತೆ ಬಂಡೆಯೊಂದನ್ನು ಕೆಳಕ್ಕೆ ಎಸೆದ, ಅದೇ ನೆಲವಾಯಿತು. ಈ ಕಥೆಯಲ್ಲಿ ಕಡಲು ಮೊದಲು, ನೆಲ ಆಮೇಲೆ.

ಇಲ್ಲಿಂದ ತಾತ್ವಿಕ ಪ್ರಶ್ನೆ ಹುಟ್ಟುತ್ತದೆ: ಸಮೋವಾದವರನ್ನು ಸಮೋವಾದವರನ್ನಾಗಿಸುವುದು ನೆಲವೋ, ಕಡಲೋ? 1962ರಲ್ಲಿ ಸ್ವತಂತ್ರವಾದ ಸಮೋವಾ ದೇಶದ ನೆಲ ಸುಮಾರು 2,900 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 2 ಲಕ್ಷ. 2018ರ ಜನಗಣತಿಯಲ್ಲಿ ನ್ಯೂಜಿಲೆಂಡ್ ಒಂದರಲ್ಲೇ 1.8 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸಮೋವಾ ಮೂಲದವರೆಂದು ಹೇಳಿಕೊಂಡಿದ್ದರು. ಹಾಗಾಗಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ನೆಲದ ಪಕ್ಷಕ್ಕೆ ಗಟ್ಟಿ ಆಧಾರವಿದೆ. ದೇಶದ ಬಹುಪಾಲು ಭೂಮಿ ಇಂದಿಗೂ ಕುಟುಂಬಗಳ ಸಾಂಪ್ರದಾಯಿಕ ಒಡೆತನದಲ್ಲಿದ್ದು, ಕುಟುಂಬದ ಮುಖ್ಯಸ್ಥನ ‘ಮತಾಯಿ’ ಪದವಿ ಊರಿಗೂ ಭೂಮಿಗೂ ಅಂಟಿಕೊಂಡಿದೆ. ಕಡಲಿನ ಪಕ್ಷವನ್ನು ಟೋಂಗಾ ಮೂಲದ ಚಿಂತಕ ಎಪೆಲಿ ಹವೋಫಾ 1993ರಲ್ಲಿ ಮಂಡಿಸಿದರು. ದ್ವೀಪಗಳನ್ನು ಕಡಲಿನಲ್ಲಿ ಚದುರಿದ ಚೂರುಗಳಾಗಿ ನೋಡುವುದು ವಸಾಹತುಶಾಹಿಯ ಕಣ್ಣು. ದ್ವೀಪವಾಸಿಗಳಿಗೆ ಕಡಲೇ ಹಾದಿ ಮತ್ತು ನೆಂಟಸ್ತಿಕೆ ಎಂಬುದು ಅವರ ವಾದ. ಸಮೋವಾದ ಲೇಖಕ ಆಲ್ಬರ್ಟ್ ವೆಂಡ್ಟ್ ‘ವಾ’ ಎಂಬ ಪರಿಕಲ್ಪನೆಯನ್ನು ವಿವರಿಸುತ್ತ ಇದಕ್ಕೆ ಹತ್ತಿರವಾಗುತ್ತಾರೆ: ಇಬ್ಬರ ನಡುವಿನ ಅಂತರ ಖಾಲಿಯಲ್ಲ, ಅವರನ್ನು ಬೆಸೆಯುವ ಜಾಗ, ಅದನ್ನು ಕಾಪಾಡಿಕೊಳ್ಳುವುದೇ ಧರ್ಮ.

ಹಳೆಯ ಸೃಷ್ಟಿಕಥೆಯನ್ನು ನೆಚ್ಚುವ ಕಡಲಿನ ಪಕ್ಷಕ್ಕೆ ಮತಾಂತರ ಒಂದು ತೊಡಕು. 1830ರಲ್ಲಿ ಜಾನ್ ವಿಲಿಯಮ್ಸ್ ತಂಡ ಸವಾಯಿ ದ್ವೀಪಕ್ಕೆ ಬಂದ ಮೇಲೆ ಕ್ರೈಸ್ತ ಧರ್ಮ ಹರಡಿತು. 2017ರ ತಿದ್ದುಪಡಿ ಸಂವಿಧಾನದಲ್ಲೇ ದೇಶವನ್ನು ಕ್ರೈಸ್ತ ರಾಷ್ಟ್ರವೆಂದು ಘೋಷಿಸಿತು. ತಂಗಲೋವಾನ ಆರಾಧನೆ ಮರೆಯಾದರೂ ತುಲಿಯ ಹೆಜ್ಜೆ ಬಟ್ಟೆಯ ಮೇಲೆ ಉಳಿಯಿತು. ಅದು ಈಗ ಪೂಜೆಯ ಗುರುತಲ್ಲ, ವಂಶದ ನೆನಪು. ಹಳೆಯ ದೇವರನ್ನು ಬಿಟ್ಟವರು ಹಳೆಯ ಸಂಬಂಧಗಳನ್ನು ಬಿಡಬೇಕಾಗಲಿಲ್ಲ. ಹಿಂದಿನ ರಾಷ್ಟ್ರಮುಖ್ಯಸ್ಥ ಟೂಯಿ ಅತುವಾ ತುಪುವಾ ತಮಸೇಸೆ ಕೂಡ ಮನುಷ್ಯನನ್ನು ಪೂರ್ವಿಕರು, ನೆಲ, ಕಡಲು, ಆಕಾಶಗಳೊಡನೆ ಬೆಸೆದ ಜೀವವಾಗಿಯೇ ಕಾಣುತ್ತಾರೆ.

ಸಿಯಾಪೊ ಈ ವಿವಾದದಲ್ಲಿ ಒಂದೇ ಪಕ್ಷ ಹಿಡಿಯುವುದಿಲ್ಲ. ಅದರ ನಾರೂ ಬಣ್ಣವೂ ನೆಲದವು, ಬಲೆಯೂ ನಕ್ಷತ್ರಮೀನೂ ಕಡಲಿನವು. ನೆಲ ಮನುಷ್ಯನಿಗೆ ಹೆಸರನ್ನೂ ಸ್ಥಾನವನ್ನೂ ಕೊಡುತ್ತದೆ. ಆ ಹೆಸರು ದೂರದಲ್ಲೂ ಬಾಳುವಂತೆ ಮಾಡುವುದು ಕಡಲಿನ ನಂಟು. ಒಂದನ್ನೇ ಮೂಲವೆಂದು ಆರಿಸುವ ಸಿದ್ಧಾಂತ ಸಮೋವಾದ ಅನುಭವಕ್ಕೆ ಸಾಲದು.