ಯಾರ ನಡಿಗೆ ಅಳತೆಗೋಲು?

ಕನ್ನಡದ ‘ನಡೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಾಲಿನಿಂದ ಸಾಗುವುದೂ ನಡೆಯೇ, ಬಾಳಿನಲ್ಲಿ ವರ್ತಿಸುವುದೂ ನಡೆಯೇ. ಒಬ್ಬರ ನಡಿಗೆಯು ಮತ್ತೊಬ್ಬರ ನಡತೆಯನ್ನು ಪರೀಕ್ಷಿಸುವ ಸ್ಥಳವೊಂದಿದೆ. ಅದು ರಸ್ತೆ ದಾಟುವ ಸ್ಥಳ.

ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ಜೂಜುವಾಡಿಯ ಮೂಲಕ ಹಾದುಹೋಗುತ್ತದೆ. ಅತ್ತಿಬೆಲೆಯ ಗಡಿ ದಾಟಿ ಬರುವ ಲಾರಿಗಳು, ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಮುಗಿಸಿದ ಕಾರ್ಮಿಕರು, ಶಾಲೆಯ ಮಕ್ಕಳು, ಕೋಲೂರಿಕೊಂಡು ಬರುವ ವೃದ್ಧರು, ಎಲ್ಲರಿಗೂ ಇದೇ ಹಾದಿ. ಆದರೆ ಎಲ್ಲರ ವೇಗ ಒಂದೇ ಅಲ್ಲ.

ಪಾದಚಾರಿಯು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂಬುದು ನಮ್ಮ ದೇಶವೂ ಸೇರಿದಂತೆ ಹಲವು ದೇಶಗಳ ರಸ್ತೆ ಎಂಜಿನಿಯರರು ಹಿಡಿದಿರುವ ಲೆಕ್ಕ. ಇಂಗ್ಲೆಂಡಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 65 ವರ್ಷ ದಾಟಿದ ಗಂಡಸರ ಸರಾಸರಿ ವೇಗ 0.9 ಮೀಟರ್, ಹೆಂಗಸರದು 0.8 ಮೀಟರ್ ಎಂದು ಕಂಡುಬಂದಿತು. ವ್ಯತ್ಯಾಸವು ಅಲ್ಪವೆಂದು ತೋರಬಹುದು. ನಾವು ಸ್ವಲ್ಪ ಗಣಿತ ಮಾಡಿ ನೋಡೋಣ. ಒಂದು ಪಥಕ್ಕೆ 3.5 ಮೀಟರಿನಂತೆ ಮೂರು ಪಥಗಳಿಗೆ 10.5 ಮೀಟರ್. ಎಂಜಿನಿಯರರ ಪಾದಚಾರಿ ಇದನ್ನು ಸುಮಾರು 9 ಸೆಕೆಂಡಿನಲ್ಲಿ ದಾಟುತ್ತಾನೆ. ಅಷ್ಟು ಹೊತ್ತಿಗೆ ನಮ್ಮ ಅಜ್ಜಿಯೊಬ್ಬರು 7 ಮೀಟರಿನಷ್ಟು ಮಾತ್ರ ಬಂದಿರುತ್ತಾರೆ. ಹೆಚ್ಚುಕಡಿಮೆ ಇಡೀ ಒಂದು ಪಥ ಇನ್ನೂ ಮುಂದಿರುತ್ತದೆ. ಅದನ್ನು ದಾಟಲು ಅವರಿಗೆ ಬೇಕಾಗುವ 4 ಸೆಕೆಂಡುಗಳಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು 65 ಮೀಟರಿಗೂ ಹೆಚ್ಚು ದೂರ ಓಡಿ ಬಂದಿರುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ದಿನವೊಂದಕ್ಕೆ ಸುಮಾರು 90 ಮಂದಿ ಬರಿಗಾಲಿನಲ್ಲೋ ಚಪ್ಪಲಿಯಲ್ಲೋ ಮನೆಬಿಟ್ಟು ಹೊರಟವರು ಮರಳಲಿಲ್ಲ. ಇವರೆಲ್ಲರ ಸಾವಿಗೂ ನಿಧಾನವೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಲೆಕ್ಕ ಹಾಕುವಾಗ ನಾವು ಯಾರನ್ನು ನೆನೆಯುತ್ತೇವೆ, ಯಾರನ್ನು ಮರೆಯುತ್ತೇವೆ ಎಂಬ ಪ್ರಶ್ನೆಯನ್ನು ಈ ಸಂಖ್ಯೆ ನಮ್ಮ ಮುಂದಿಡುತ್ತದೆ.

ಉಕ್ತಲೇಖನ ಕೊಟ್ಟ ಉಪಾಧ್ಯಾಯರೆಲ್ಲರೂ ಈ ಪ್ರಶ್ನೆಯನ್ನು ಬಲ್ಲರು. ಚುರುಕಾದ ಮಗುವಿನ ಕೈಗೆ ತಕ್ಕಂತೆ ಓದಿದರೆ ಹಿಂದಿನ ಬೆಂಚಿನ ಮಗುವಿಗೆ ಪದಗಳು ತಪ್ಪುತ್ತವೆ. ಆದ್ದರಿಂದ ಒಳ್ಳೆಯ ಉಪಾಧ್ಯಾಯರು ಕೊನೆಯ ಮಗು ಲೇಖನಿ ಎತ್ತುವವರೆಗೆ ಕಾಯುತ್ತಾರೆ. ತರಗತಿಯಲ್ಲಿ ತಪ್ಪುವುದು ಒಂದು ಪದ. ರಸ್ತೆಯಲ್ಲಿ ತಪ್ಪುವುದು ಒಂದು ಜೀವ.

ಇದಕ್ಕೆ ಆಕ್ಷೇಪವುಂಟು. ಒಬ್ಬರಿಗಾಗಿ ನೂರು ವಾಹನಗಳು 5 ಸೆಕೆಂಡು ನಿಂತರೆ 500 ಸೆಕೆಂಡು ನಷ್ಟವಲ್ಲವೇ ಎಂದು ಕೇಳಬಹುದು. ಕೂಡುವ ಲೆಕ್ಕ ಸರಿ, ತೂಗುವ ಲೆಕ್ಕ ತಪ್ಪು. ಆ 500 ಸೆಕೆಂಡನ್ನು ಇಡಿಯಾಗಿ ಕಳೆದುಕೊಂಡವರು ಯಾರೂ ಇಲ್ಲ. ಪ್ರತಿಯೊಬ್ಬರೂ ಕಳೆದುಕೊಂಡದ್ದು ಐದೇ ಸೆಕೆಂಡು. ಪ್ರಾಣವನ್ನಾದರೋ ಹಾಗೆ ನೂರು ಜನರಿಗೆ ಹಂಚಲಾಗದು. ಅದು ಹೋದರೆ ಒಬ್ಬರದೇ ಹೋಗುತ್ತದೆ, ಪೂರ್ತಿಯಾಗಿ ಹೋಗುತ್ತದೆ.

ಮೇಲ್ಸೇತುವೆ ಕಟ್ಟಿದರಾಯಿತಲ್ಲ ಎನ್ನುವವರೂ ಉಂಟು. ಐದೂವರೆ ಮೀಟರ್ ಎತ್ತರವೆಂದರೆ 35ಕ್ಕೂ ಮಿಕ್ಕ ಮೆಟ್ಟಿಲುಗಳು. ಲಿಫ್ಟಾಗಲಿ ಇಳಿಜಾರು ದಾರಿಯಾಗಲಿ ಇಲ್ಲದ ಸೇತುವೆಯು ಮಂಡಿ ಸೋತವರಿಗೆ ಸೇತುವೆಯಲ್ಲ, ಗೋಡೆ. ಬಲವುಳ್ಳವರ ವೇಗ ತಗ್ಗದಿರಲೆಂದು ಬಲವಿಲ್ಲದವರನ್ನು ಬೆಟ್ಟ ಹತ್ತಿಸುವುದು ನ್ಯಾಯವೆನಿಸದು. ಸಿಂಗಾಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪವು ಕೆಲವು ಸೆಕೆಂಡು ಹೆಚ್ಚಾಗಿ ಉರಿಯುತ್ತದೆ. ಮನಸ್ಸಿದ್ದಲ್ಲಿ ಮಾರ್ಗವುಂಟು.

ಪಾದಚಾರಿಗಳಿಗೂ ಧರ್ಮವುಂಟೆಂಬುದನ್ನು ನಾವು ಮರೆಯಬಾರದು. ಮೊಬೈಲ್ ನೋಡುತ್ತ ರಸ್ತೆಗಿಳಿಯುವ ತರುಣರು, ಏರುವ ಶಕ್ತಿಯಿದ್ದೂ ಸೇತುವೆ ಬಿಟ್ಟು ವಿಭಜಕ ಜಿಗಿಯುವವರು ತಮ್ಮೊಡನೆ ಚಾಲಕನ ಬಾಳನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಆದರೂ ಎರಡೂ ಕಡೆಯ ಹೊಣೆ ಸಮನಲ್ಲ. ಹೊಸೂರಿನ ಚಂದ್ರಚೂಡೇಶ್ವರ ಸ್ವಾಮಿಯ ರಥೋತ್ಸವವನ್ನು ಕಂಡವರಿಗೆ ಇದು ತಿಳಿದ ಮಾತೇ. ಸಾವಿರಾರು ಜನ ಎಳೆಯುವ ತೇರು ದೊಡ್ಡದೆಂದು ಯಾರೂ ಅದನ್ನು ಓಡಬಿಡುವುದಿಲ್ಲ. ದೊಡ್ಡದಾದ್ದರಿಂದಲೇ ಗಾಲಿಗೆ ಮರದ ತಡೆ ಕೊಡುತ್ತ ಹೆಜ್ಜೆಹೆಜ್ಜೆಗೂ ನಿಲ್ಲಿಸುತ್ತಾರೆ. ಭಾರ ಹೆಚ್ಚಿದಷ್ಟೂ ಎಚ್ಚರ ಹೆಚ್ಚಬೇಕೆಂಬುದೇ ಅಲ್ಲಿಯ ನೀತಿ. ಲಾರಿಗೂ ಕಾರಿಗೂ ಬೇರೆ ನೀತಿ ಏಕೆ?

ಗಡಿನಾಡಿನ ಕನ್ನಡಿಗರಾದ ನಮಗೆ ಈ ವಿಚಾರ ಇನ್ನೂ ಹತ್ತಿರದ್ದು. ಬಹುಸಂಖ್ಯೆಯವರನ್ನು ಕಂಡು ಮಾಡಿದ ಏರ್ಪಾಟಿನಲ್ಲಿ ಕೆಲವರು ಹೊರಗುಳಿಯುವುದು ಹೇಗೆಂದು ನಾವು ಬಲ್ಲೆವು. ನಮಗೆ ಸ್ಥಳ ಬೇಕೆಂದು ಕೇಳುವ ನಾವು, ನಮಗಿಂತ ನಿಧಾನವಾಗಿ ನಡೆಯುವವರಿಗೆ ಹೊತ್ತು ಕೊಡಲು ಹಿಂಜರಿಯಬಾರದು. ಸಿಗ್ನಲ್ಲಿನ ಸೆಕೆಂಡುಗಳನ್ನು ಹೆಚ್ಚಿಸಿರೆಂದು ಅಧಿಕಾರಿಗಳನ್ನು ಕೇಳುವುದು ಸಂಘಗಳ ಕೆಲಸ. ಅಜ್ಜಿಯೊಬ್ಬರು ಎದುರು ಬದಿ ಸೇರುವವರೆಗೆ ಹಾರನ್ ಒತ್ತದೆ ಕಾಯುವುದು ನಮ್ಮ ನಿಮ್ಮೆಲ್ಲರ ಕೆಲಸ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.